ಗೊತ್ತಾಗ್ಲಿಲ್ಲ ಅಂದ್ರೆ ದೇವರ ಕೋಣೆಗೆ

ಹೋದ ಸಂಚಿಕೇಲಿ ರೋಮನ್ ಡೋಡೆಕಾಹೆಡ್ರನ್, ಅಂದ್ರೆ ರೋಮನ್ನರ ಕಾಲದ ಹನ್ನೆರಡು ಮುಖದ ಪುಟ್ಟ ಲೋಹದ ವಸ್ತು, ಅದರ ಬಗ್ಗೆ ಬರೆದು, ಯಾತಕ್ಕೆ ಬಳಸ್ತಿದ್ರೋ ಇನ್ನೂ ಗೊತ್ತಿಲ್ಲ ಅಂತ ಮುಗಿಸಿದ್ವಿ. ಶಿವಮೊಗ್ಗದ ನಿವೃತ್ತ ಗಣಿತ ಮೇಷ್ಟ್ರೊಬ್ಬರಿಗೆ ಅದು ಸರಿಬಂದಿಲ್ಲ. ಈ ಹನ್ನೆರಡು ಮುಖದ ಆಕಾರವನ್ನ ಪ್ಲೇಟೋ ಇಡೀ ವಿಶ್ವಕ್ಕೇ ಹೊಂದಿಸಿದಾನೆ, ಅಂದ್ಮೇಲೆ ಇದು ಪೂಜೆ ಸಾಮಾನೇ, ನಿಗೂಢ ಎಲ್ಲಿಂದ ಬಂತು ಅಂತ ಐದು ಪುಟ ಬರೆದಿದಾರೆ.

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂಗಿದೆ. ಪ್ಲೇಟೋ ಮಾತೂ ಸರಿ. ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಅನ್ನೋ ಹಳ್ಳೀಲಿ 2023ರಲ್ಲಿ ಒಂದನ್ನ ಅಗೆದು ತೆಗೆದ ತಂಡದವರೂ ನಿಮ್ಮ ಕಡೆಗೇ ವಾಲ್ತಾರೆ. ಆದ್ರೆ ಒಂದು ಮಾತು, 1739ರಿಂದ ಈಚೆಗೆ ಇಂಥವು ನೂರಕ್ಕೂ ಹೆಚ್ಚು ಸಿಕ್ಕಿದಾವಲ್ಲ, ಹೆಚ್ಚಿನವು ಬ್ರಿಟನ್, ಫ್ರಾನ್ಸ್, ಜರ್ಮನಿ ಕಡೇವು, ಇಟಲೀಲಿ ಒಂದೂ ಇಲ್ಲ. ಪ್ಲೇಟೋನ ಓದ್ಕೊಂಡಿದ್ದ ರೋಮ್ ಪಂಡಿತರಿಗೆ ಬೇಡವಾಗಿದ್ದು ಗಡಿನಾಡಿನೋರಿಗೆ ಯಾಕೆ ಬೇಕಾಯ್ತು?

ನಾರ್ಟನ್ ಡಿಸ್ನೀದು ಎಂಟು ಸೆಂಟಿಮೀಟರ್, 245 ಗ್ರಾಂ, ಅಂಗೈಲಿ ಕೂರೋ ಅಂಥದ್ದು. ಒಳಗೆ ಪೊಳ್ಳು, ಪ್ರತಿ ಮುಖಕ್ಕೂ ಒಂದೊಂದು ಅಳತೆಯ ತೂತು, ಇಪ್ಪತ್ತು ಮೂಲೇಲೂ ಪುಟ್ಟ ಗುಂಡು. ಇದ್ರಲ್ಲಿ ಗ್ಲೌಸ್ ಹೆಣೀಬಹುದು ಅಂತ ಒಂದು ವಿಡಿಯೋ ಓಡಾಡ್ತಿದೆ, ನೀವು ಅದನ್ನ 'ಅಡುಗೆಮನೆ ಸಂಶೋಧನೆ' ಅಂತ ಗೇಲಿ ಮಾಡಿದೀರಿ. ಆಗ ನಿಟ್ಟಿಂಗೇ ಇರ್ಲಿಲ್ಲ, ಸವೆದ ಗುರುತೂ ಕಾಣಲ್ಲ, ಒಪ್ತೀನಿ. ಆದ್ರೂ ಆ ವಿಡಿಯೋದಲ್ಲಿರೋ ಆಯಮ್ಮ ಅದನ್ನ ಕೈಗೆ ತಗೊಂಡು, ಇಲ್ಲಿ ಬೆರಳಿಟ್ರೆ ಏನಾಗುತ್ತೆ ಅಂತ ನೋಡಿದ್ಲಲ್ಲ, ನಂಗೆ ಅದೇ ಇಷ್ಟ. ಕೆಲವು ನಾಣ್ಯದ ಗಂಟಿನ ಜೊತೆ ಸಿಕ್ಕಿವೆ, ಹಾಗಾಗಿ ಪವಿತ್ರ ಅಂತೀರಿ. ನಮ್ಮಜ್ಜಿ ದುಡ್ಡು ಇಡ್ತಿದ್ದಿದ್ದು ಸಾಸಿವೆ ಡಬ್ಬೀಲಿ ಸಾರ್.

ನಮ್ಮನೇದೇ ಕೇಳಿ. ಅಟ್ಟ ಕ್ಲೀನ್ ಮಾಡೋವಾಗ ಒಂದು ಹಿತ್ತಾಳೆ ಕೊಳವೆ ಸಿಕ್ತು, ಗೇಣುದ್ದ, ಮೈತುಂಬ ಸಾಲಾಗಿ ಸಣ್ಣ ತೂತು, ಒಂದು ತುದಿಗೆ ಮುಚ್ಚಳ. ನನ್ನ ತಮ್ಮನ ಮಗ ಇಂಜಿನಿಯರು, ಹಳೇ ಕಾಲದ ಧೂಪದ ಕೊಳವೆ ಅಂತ ತೀರ್ಪು ಕೊಟ್ಟ, ಹುಣಸೆಹಣ್ಣು ಹಾಕಿ ಉಜ್ಜಿ ಕುಂಕುಮ ಇಟ್ಟು ದೇವರ ಕೋಣೇಲಿ ಇಟ್ಟಿದ್ದೂ ಆಯ್ತು, ಎರಡು ತಿಂಗಳು ದಿನಾ ಹೂವು ಬೇರೆ. ಹಬ್ಬಕ್ಕೆ ಬಂದ ನಮ್ಮ ದೊಡ್ಡಮ್ಮ ನೋಡಿ, "ಅಯ್ಯೋ, ರಂಗೋಲಿ ಕೊಳವೇನ ಯಾಕ್ರೋ ಇಲ್ಲಿ ಕೂರಿಸಿದೀರಿ?" ಅಂದ್ರು. ಪುಡಿ ತುಂಬಿಸಿ ಹೊಸಿಲ ಮೇಲೆ ಒಂದ್ಸಲ ಉರುಳಿಸಿದ್ರು ನೋಡಿ, ಬಳ್ಳಿ ಹಂಗೇ ಬಿಚ್ಕೊಂಡ್ತು.

ರೋಮನ್ನರು ಯುದ್ಧ ಬರೆದ್ರು, ರಸ್ತೆ ಬರೆದ್ರು, ಮೀನಿನ ಗೊಜ್ಜು ಮಾಡೋದನ್ನೂ ಬರೆದಿಟ್ರು, ಈ ಡೋಡೆಕಾಹೆಡ್ರನ್ ಬಗ್ಗೆ ಮಾತ್ರ ಒಂದು ಸಾಲೂ ಸಿಕ್ಕಿಲ್ಲ. ನಮ್ಮಲ್ಲೇನು ಕಮ್ಮಿ? ರಾಜರು ದತ್ತಿ ಬಿಟ್ಟಿದ್ದು ಸಾವಿರಾರು ಕಲ್ಲಿನ ಮೇಲಿದೆ, ಅಜ್ಜಿ ಪಾತ್ರೆ ಹೆಸರು ಕೇಳಿದ್ರೆ ಮೊಮ್ಮಕ್ಕಳು ಗೂಗಲ್ ಲೆನ್ಸ್ ಹಿಡೀತಾರೆ, ಅದು 'ವಿಂಟೇಜ್ ಬ್ರಾಸ್ ಡೆಕೋರ್' ಅನ್ನುತ್ತೆ, ಮುಗೀತು. ಸೆಮಿನಾರ್‌ಗೆ ಹೋದ್ರೆ ದೊಡ್ಡಮ್ಮನಂಥೋರಿಗೆ ಊಟದ ಹಾಲ್‌ನಲ್ಲೂ ಜಾಗ ಇರಲ್ಲ.

ನಿಮ್ಮನೆ ಅಟ್ಟದಲ್ಲಿ ಹೆಸರು ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಫೋಟೋ ತೆಗೆದು ಕಳಿಸಿ ಮೇಷ್ಟ್ರೇ, ಕಳಿಸೋ ಮುಂಚೆ ಮನೇಲಿ ಹಿರಿಯೋರನ್ನ ಕೇಳಿ. ಪತ್ರ ಮಾತ್ರ ಎರಡು ಪುಟದೊಳಗಿರ್ಲಿ.

— ಸಂ.