ದಾಸರ ಪದ ಅರ್ಧಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ನಾಲ್ಕು ವರ್ಷದಿಂದ ದಾಸರ ಪದಗಳ ಆಪ್ ನಡೆಸುತ್ತಿದ್ದೇವೆ. ರಾಯಚೂರು ಬಸ್ಸಿನಲ್ಲಿ ಕೂತವರಿಗೆ ಹಾಡು ನಡುವೆಯೇ ನಿಲ್ಲುತ್ತದೆ. ಸ್ಕ್ರೀನ್ ಆಫ್ ಆದರೂ ನಿಲ್ಲುತ್ತದೆ. ಹುಡುಕಿದರೆ ಇರುವ ಪದವೂ ಸಿಗುವುದಿಲ್ಲ. ಯಾವುದನ್ನು ಮೊದಲು ಸರಿಪಡಿಸಬೇಕು?
— ಓದುಗರೊಬ್ಬರು, ಮಾನ್ವಿ

ಉತ್ತರ: ಮೊದಲು ಫೈಲಿನ ಗಾತ್ರ ಇಳಿಸಿ. 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಎಂಪಿ3 ನಿಮಿಷಕ್ಕೆ 2.4 ಎಂಬಿ ಡೇಟಾ ತಿನ್ನುತ್ತದೆ. 64ಕ್ಕೆ ಅರ್ಧ ಎಂಬಿ ಸಾಕು. ತಂಬೂರಿ, ತಾಳ, ಒಂದು ಕಂಠ ಇಷ್ಟೇ ಇರುವ ಪದಕ್ಕೆ 64ರ ಓಪಸ್ ಅಥವಾ ಎಚ್‌ಇ-ಎಎಸಿ (ಎಂಪಿ3ಯಂಥ ಫೈಲ್ ಬಗೆಗಳು) ಚೆನ್ನಾಗಿಯೇ ಕೇಳುತ್ತದೆ. ಆದರೆ ಇರುವ ಎಂಪಿ3ಯನ್ನೇ ಮತ್ತೆ ಕುಗ್ಗಿಸಬೇಡಿ, ಕುಗ್ಗಿಸದ ಮೂಲ ವೇವ್ ಫೈಲಿನಿಂದಲೇ ಮಾಡಿ. ಎರಡು ಸಲ ಕುಗ್ಗಿಸಿದರೆ ಮೊದಲು ಕೆಡುವುದು ತಾಳದ ದನಿ. ಝಣ್ ಎನ್ನಬೇಕಾದ್ದು ಸುಯ್ ಎನ್ನುತ್ತದೆ.

ಪ್ರತಿ ಹಾಡನ್ನೂ 32, 64, 128ರಲ್ಲಿ ಇಟ್ಟು, ಎಚ್‌ಎಲ್‌ಎಸ್ (ಹಾಡನ್ನು ತುಂಡುತುಂಡಾಗಿ ಕಳಿಸುವ ವಿಧಾನ) ಮೂಲಕ 6 ಸೆಕೆಂಡಿನ ತುಂಡುಗಳಾಗಿ ಕೊಡಿ. ಸಿಗ್ನಲ್ ಕುಸಿದಾಗ ಪ್ಲೇಯರ್ ತಾನೇ ಕೆಳಗಿನದಕ್ಕೆ ಇಳಿಯುತ್ತದೆ. ಆಂಡ್ರಾಯ್ಡ್ ಆಪುಗಳಲ್ಲಿ ಹಾಡು ನುಡಿಸುವ ಎಕ್ಸೊಪ್ಲೇಯರ್ ಸಾಮಾನ್ಯವಾಗಿ 50 ಸೆಕೆಂಡಿನಷ್ಟು ಮಾತ್ರ ಮುಂಚಿತವಾಗಿ ತುಂಬಿಕೊಳ್ಳುತ್ತದೆ. ಹೊಲಗಳ ನಡುವಿನ ದಾರಿಗೆ ಅದು ಸಾಲದು, 120ಕ್ಕೆ ಏರಿಸಿ. 64ರಲ್ಲಿ ಎರಡು ನಿಮಿಷವೆಂದರೆ 1 ಎಂಬಿಯೂ ಆಗದು. ಈಗಿನ ಹಾಡು ಪೂರ್ತಿ ಇಳಿದೊಡನೆ ಮುಂದಿನದನ್ನು ಇಳಿಸಲು ಶುರು ಮಾಡಿ.

ಸ್ಕ್ರೀನ್ ಆಫ್ ಆದಾಗ ಏನಾಗುತ್ತದೆಂದು ಗಮನಿಸಿ. ಒಂದೆರಡು ನಿಮಿಷ ಹಾಡಿ ನಿಂತರೆ, ತುಂಬಿಕೊಂಡದ್ದು ಮುಗಿದಿದೆ, ನೆಟ್‌ವರ್ಕ್ ಮಲಗಿದೆ ಎಂದರ್ಥ. ಪ್ಲೇಯರಿನ ವೇಕ್ ಮೋಡನ್ನು (ಫೋನು ಮಲಗದಂತೆ ತಡೆಯುವ ಸೆಟ್ಟಿಂಗ್) ನೆಟ್‌ವರ್ಕ್‌ಗೆ ಇಡಿ. ನೋಟಿಫಿಕೇಶನ್ ಕೂಡ ಮಾಯವಾದರೆ ಫೋನು ಆಪನ್ನೇ ಮುಚ್ಚಿದೆ. ಆಗ ಹಾಡಿಸುವ ಕೆಲಸವನ್ನು ಮೀಡಿಯಾ ಸೆಷನ್ ಸರ್ವಿಸ್‌ಗೆ ಒಪ್ಪಿಸಿ ಫೋರ್‌ಗ್ರೌಂಡಿನಲ್ಲಿ (ನೋಟಿಫಿಕೇಶನ್ ತೋರಿಸುತ್ತ, ಫೋನು ಮುಚ್ಚದಂತೆ) ಓಡಿಸಬೇಕು. ಆಂಡ್ರಾಯ್ಡ್ 14ನ್ನು ಗುರಿಯಾಗಿಟ್ಟ ಆಪಿನ ವಿವರ ಬರೆಯುವ ಫೈಲಾದ ಮ್ಯಾನಿಫೆಸ್ಟ್‌ನಲ್ಲಿ 'ಮೀಡಿಯಾ ಪ್ಲೇಬ್ಯಾಕ್' ಬಗೆಯನ್ನೂ ಅದರ ಅನುಮತಿಯನ್ನೂ ಬರೆಯದಿದ್ದರೆ ಆ ಸರ್ವಿಸ್ ಶುರುವಾಗುವುದೇ ಇಲ್ಲ.

ಹುಡುಕಾಟದ ತೊಂದರೆ ಅಂಕಿತಗಳಲ್ಲೇ (ಪದದ ಕೊನೆಗೆ ದಾಸರು ಹಾಕುವ ಮುದ್ರೆ) ಇದೆ. ನಿಮ್ಮ ತಾಲ್ಲೂಕಿನ ಬ್ಯಾಗವಾಟದ ಜಗನ್ನಾಥದಾಸರ ಅಂಕಿತದ ಕೊನೆಯನ್ನು ಒಬ್ಬರು 'ವಿಠಲ' ಎಂದು ಬರೆದರೆ ಇನ್ನೊಬ್ಬರು 'ವಿಠ್ಠಲ' ಎನ್ನುತ್ತಾರೆ. ಒತ್ತು ತೆಗೆದು, ತ-ಟ-ಠಗಳನ್ನು ಒಂದಾಗಿಸಿ, ದೀರ್ಘವನ್ನು ಹ್ರಸ್ವವಾಗಿಸಿದ ಇನ್ನೊಂದು ರೂಪವನ್ನು ಪ್ರತಿ ಪದಕ್ಕೂ ಗುಟ್ಟಾಗಿ ಇಟ್ಟುಕೊಳ್ಳಿ. ಹುಡುಕುವವರು ಟೈಪ್ ಮಾಡಿದ್ದನ್ನೂ ಹಾಗೇ ಬದಲಿಸಿ ಹೋಲಿಸಿ. ಅದಕ್ಕೂ ಮೊದಲು ಯೂನಿಕೋಡ್ ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತರುವುದು) ಮಾಡಲೇಬೇಕು: 'ಗೋಪಾಲ'ದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಪಲ್ಲವಿಯ ಮೊದಲ ಸಾಲನ್ನೂ ಹುಡುಕಾಟಕ್ಕೆ ಸೇರಿಸಿ. ಜನರ ನೆನಪಿನಲ್ಲಿರುವುದು ಅದೇ.

ಸಾಹಿತ್ಯ ಹಳೆಯದೆಂದು ಧ್ವನಿಮುದ್ರಣವೂ ಎಲ್ಲರದೆಂದು ತಿಳಿಯಬೇಡಿ. ಪ್ರಕಟವಾಗಿ 60 ವರ್ಷ ಕಳೆಯುವವರೆಗೆ ಅದಕ್ಕೆ ಹಕ್ಕುಸ್ವಾಮ್ಯವಿದೆ. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.