ರಿಪೇರಿಗೆ ಮುನ್ನ ಡೇಟಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಟೊಮೆಟೊ ಮಂಡಿಯವರೊಬ್ಬರು ಹಳೆಯ ಕಂಪ್ಯೂಟರ್ ತಂದುಕೊಟ್ಟಿದ್ದಾರೆ. ವಿಂಡೋಸ್ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ, ನಡುವೆ ನಿಂತೂ ಹೋಗುತ್ತದೆ. ಹೊಸದಾಗಿ ವಿಂಡೋಸ್ ಹಾಕುವ ಮುಂಚೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿಕೊಂಡರೆ ಸಾಕೆ? ಟ್ಯಾಲಿ (ವ್ಯಾಪಾರದ ಲೆಕ್ಕ ಬರೆಯುವ ತಂತ್ರಾಂಶ) ಲೆಕ್ಕವೂ ಅದರಲ್ಲೇ ಇದೆ.

ಉತ್ತರ: ಸಾಲದು. ನೀವು ಹೇಳುವ ಲಕ್ಷಣ ನೋಡಿದರೆ ಹಾರ್ಡ್‌ಡಿಸ್ಕೇ ಕೆಡುತ್ತಿರಬಹುದು. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶದಲ್ಲಿ, ಕೆಟ್ಟ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಣುಕುಗಳ) ಲೆಕ್ಕವಿರುವ 05, ಸಿ5, ಸಿ6 ಸಾಲುಗಳನ್ನು ನೋಡಿ. ರಾ ವ್ಯಾಲ್ಯೂ ಸೊನ್ನೆ ಇಲ್ಲದಿದ್ದರೆ ಆ ಡಿಸ್ಕಿನಿಂದ ವಿಂಡೋಸ್ ಬೂಟ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ವಿಂಡೋಸಿನದೇ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಅದು ಫೈಲ್ ಸಿಸ್ಟಂ ಸರಿಮಾಡಲು ಹೋಗಿ ಡಿಸ್ಕಿನ ಮೇಲೆ ಬರೆಯುತ್ತದೆ. ಉಳಿಯಬಹುದಾಗಿದ್ದ ಫೈಲುಗಳ ಹೆಸರು, ಜಾಗ ಎರಡೂ ಅಳಿಸಿಹೋಗಬಹುದು.

ಇಂಥ ಡಿಸ್ಕನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂನಿಂದ ಪೂರ್ತಿ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆಯಿರಿ. ಮೊದಲ ಸುತ್ತಿಗೆ '-ಎನ್' (ಸಣ್ಣ ಅಕ್ಷರದ n) ಕೊಡಿ. ಸುಲಭವಾಗಿ ಓದಲು ಬರುವ ಭಾಗವೆಲ್ಲ ಮೊದಲು ಕೈಗೆ ಬರುತ್ತದೆ. ಆಮೇಲೆ ಅದೇ ಮ್ಯಾಪ್‌ಫೈಲ್ (ಎಲ್ಲಿಯವರೆಗೆ ಓದಿದೆ ಎಂದು ಅದು ಬರೆದಿಡುವ ಫೈಲ್) ಇಟ್ಟುಕೊಂಡು '-ಆರ್3' (ಸಣ್ಣ ಅಕ್ಷರದ r) ಹಾಕಿದರೆ ಉಳಿದ ಸೆಕ್ಟರುಗಳನ್ನು ಮತ್ತೆ ಮೂರು ಸಲ ಪ್ರಯತ್ನಿಸುತ್ತದೆ. ಯಾವುದು ಗ್ರಾಹಕರ ಡಿಸ್ಕ್, ಯಾವುದು ನಿಮ್ಮದು ಎಂದು ಸೀರಿಯಲ್ ನಂಬರ್ ಓದಿಯೇ ಎಂಟರ್ ಒತ್ತಿ. ಅದಲುಬದಲಾದರೆ ಅವರ ಲೆಕ್ಕದ ಮೇಲೆ ನಿಮ್ಮ ಖಾಲಿ ಡಿಸ್ಕ್ ಬರೆದುಬಿಡುತ್ತದೆ.

ಡಿಸ್ಕ್ ಗಟ್ಟಿಯಿದ್ದರೆ ವಿಂಡೋಸಿನಲ್ಲೇ ಇರುವ ಕಾಪಿ ಕಮಾಂಡ್ ರೋಬೋಕಾಪಿ ಸಾಕು: /ಇ /ಎಕ್ಸ್‌ಜೆ /ಆರ್:1 /ಡಬ್ಲ್ಯೂ:1, ಜೊತೆಗೆ ಲಾಗ್ ಫೈಲ್. /ಆರ್, /ಡಬ್ಲ್ಯೂ ಕೊಡದಿದ್ದರೆ ಒಂದು ಫೈಲ್ ಸಿಗದಾಗ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ. /ಎಕ್ಸ್‌ಜೆ ಇಲ್ಲದಿದ್ದರೆ ಜಂಕ್ಷನ್ ಫೋಲ್ಡರುಗಳೊಳಗೆ (ಬೇರೆ ಫೋಲ್ಡರಿಗೆ ದಾರಿ ತೋರುವ ಕೊಂಡಿಗಳೊಳಗೆ) ಸುತ್ತುಹಾಕತೊಡಗುತ್ತದೆ. ಬ್ಯಾಕಪ್ ಡಿಸ್ಕ್ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲಿರಲಿ. ಫ್ಯಾಟ್32ನಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. 500 ಜಿಬಿ ತುಂಬಿದ್ದರೆ ಸೆಕೆಂಡಿಗೆ 100 ಎಂಬಿ ವೇಗದಲ್ಲೂ ಸುಮಾರು ಒಂದೂವರೆ ಗಂಟೆ ಬೇಕು. ನಡುವೆ ಕರೆಂಟ್ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಶುರುಮಾಡಬೇಡಿ.

ಟ್ಯಾಲಿ ಡೇಟಾ ಹೆಚ್ಚಾಗಿ ಪಬ್ಲಿಕ್ ಫೋಲ್ಡರಿನೊಳಗಿನ ಟ್ಯಾಲಿಪ್ರೈಮ್ ಡೇಟಾದಲ್ಲಿರುತ್ತದೆ; ಹಳೆಯ ಇಆರ್‌ಪಿ 9 ಆದರೆ ಸಿ ಡ್ರೈವಿನ ಟ್ಯಾಲಿ ಫೋಲ್ಡರಿನಲ್ಲೇ ಇರಬಹುದು. ಊಹಿಸಬೇಡಿ, ಕಂಪನಿ ಆಯ್ಕೆಯ ಪರದೆಯಲ್ಲಿ ಪಾತ್ ನೋಡಿಕೊಳ್ಳಿ. ಕಾಪಿಯಾದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಎಜುಕೇಷನಲ್ ಮೋಡಿನಲ್ಲಿ ಆ ಡೇಟಾ ತೆರೆದು, ಕೊನೆಯ ವೋಚರಿನ ತಾರೀಖನ್ನು ಗ್ರಾಹಕರಿಗೆ ತೋರಿಸಿ. ಔಟ್‌ಲುಕ್ ಇದ್ದರೆ ಮೇಲ್‌ಗಳಿರುವ ಪಿಎಸ್‌ಟಿ ಫೈಲ್, ತಂತ್ರಾಂಶಗಳ ಸೆಟ್ಟಿಂಗ್ ಇರುವ, ಮರೆಯಾಗಿರುವ ಆಪ್‌ಡೇಟಾ ಫೋಲ್ಡರ್, ನುಡಿ ಮತ್ತು ಬರಹ ಫಾಂಟುಗಳು ಇವನ್ನೂ ತೆಗೆದುಕೊಳ್ಳಿ. ಫಾಂಟ್ ಬಿಟ್ಟರೆ ಹಳೆಯ ಕನ್ನಡ ಪತ್ರಗಳು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಪ್ರಶ್ನೆ: ಚಿಂತಾಮಣಿಯಿಂದ ಬರೆಯುತ್ತಿದ್ದೇನೆ. ಗ್ರಾಹಕರ ಲ್ಯಾಪ್‌ಟಾಪಿಗೆ ಮದರ್‌ಬೋರ್ಡ್ ಬದಲಿಸಿದೆ. ಈಗ ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುತ್ತಿದೆ.

ಉತ್ತರ: ಅದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ. ಡಿಸ್ಕ್ ತೆರೆಯುವ ಕೀ ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್‌ಗೆ ಕಟ್ಟಿಕೊಂಡಿತ್ತು. ಗ್ರಾಹಕರು ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ರಿಕವರಿ ಕೀ ಹುಡುಕಲಿ. ಕೀ ಐಡಿಯ ಮೊದಲ ಎಂಟು ಅಕ್ಷರ ಪರದೆಯಲ್ಲಿರುವುದಕ್ಕೆ ಹೊಂದಬೇಕು. ಅಲ್ಲಿ ಸಿಗದಿದ್ದರೆ, ಹಳೆಯ ಬೋರ್ಡಿಗೆ ಇನ್ನೂ ಜೀವವಿದ್ದರೆ ಅದನ್ನೇ ಮತ್ತೆ ಕೂರಿಸಿ ಡೇಟಾ ಹೊರತೆಗೆಯಿರಿ. ಕೀ ಎಲ್ಲೂ ಸಿಗದೆ, ಹಳೆಯ ಬೋರ್ಡೂ ಇಲ್ಲದಿದ್ದರೆ ಡೇಟಾ ಹೋದಂತೆಯೇ. ದುಡ್ಡು ಕೊಟ್ಟರೆ ತೆಗೆಯುತ್ತೇವೆ ಎನ್ನುವವರ ಹತ್ತಿರ ಗ್ರಾಹಕರನ್ನು ಕಳಿಸಬೇಡಿ. ಮುಂದೆ ಬೋರ್ಡ್ ಬಿಚ್ಚುವ ಮೊದಲೇ ಬಿಟ್‌ಲಾಕರ್ ಇದೆಯೇ ನೋಡಿ, ಕೀ ಬರೆದುಕೊಂಡು, ಡೀಕ್ರಿಪ್ಟ್ (ಬೀಗ ತೆಗೆಯುವ ಕೆಲಸ) ಮುಗಿದ ಮೇಲಷ್ಟೇ ಸ್ಕ್ರೂಡ್ರೈವರ್ ಹಿಡಿಯಿರಿ.

ಪ್ರಶ್ನೆ: ಬ್ಯಾಕಪ್ ಎಷ್ಟು ದಿನ ಇಟ್ಟುಕೊಳ್ಳಬೇಕು? (ತುಮಕೂರು)

ಉತ್ತರ: ಹದಿನೈದು ದಿನ ಸಾಕು. ಅಳಿಸುವ ತಾರೀಖನ್ನು ಜಾಬ್ ಶೀಟಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಆ ದಿನ ಒಮ್ಮೆ ಫೋನ್ ಮಾಡಿ ಕೇಳಿಯೇ ಅಳಿಸಿ.