ಹೊಲದಲ್ಲಿ ಟಿಟ್ಟಿಭದ ಮೊಟ್ಟೆ ಕಂಡಾಗ ನಮ್ಮ ಮಾಸ್ತರರು ಮಾಡುತ್ತಿದ್ದುದು

ಕುಷ್ಟಗಿ ಕಡೆಯ ನಿಮ್ಮ ಹೊಲದಲ್ಲಿ ಕುಂಟೆ ಹೊಡೆಯುವಾಗ ಬರಿ ನೆಲದ ಮೇಲೆ ನಾಲ್ಕು ಚುಕ್ಕೆಮೊಟ್ಟೆ ಕಂಡವೆಂದೂ, ಸಜ್ಜೆ ಬಿತ್ತುವ ಹದ ತಪ್ಪುವ ಮೊದಲು ಅವನ್ನು ಬದುವಿಗೆ ಎತ್ತಿಡಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಎತ್ತಿಡಬೇಡಿ. ನೀವು ಹೇಳಿದ ಕೂಗು ಮತ್ತು ಕಣ್ಣಿನ ಮುಂದಿನ ಕೆಂಪು ತೊಗಲನ್ನು ನೋಡಿದರೆ ಅದು ಕೆಂಪು ಟಿಟ್ಟಿಭ. ಜಾಗ ಬದಲಾದ ಮೊಟ್ಟೆಗೆ ಅದು ಮತ್ತೆ ಕಾವು ಕೊಡುತ್ತದೆಂದು ನಂಬಿ ಕೂರಲಾಗದು.

ನನಗೆ ಇದನ್ನೆಲ್ಲ ಕಲಿಸಿದವರು ಕಳೆದ ಮಾಘದಲ್ಲಿ ತೀರಿಕೊಂಡ ನಮ್ಮ ವಿಜ್ಞಾನದ ಮಾಸ್ತರರು. ಮೊದಲು ಗುರುಗಳಾಗಿದ್ದರು, ಆಮೇಲೆ ಗೆಳೆಯರಾದರು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ತೋರಿಸಲು ತುಂಗಭದ್ರೆಯ ಹಿನ್ನೀರಿಗೆ ಬೈಕಿನಲ್ಲಿ ಕರೆದೊಯ್ಯುತ್ತಿದ್ದರಾದರೂ, ಅವರ ಜೀವವೆಲ್ಲ ಇದ್ದದ್ದು ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಲ್ಲಿ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಎರೆಭೂತವೆಂಬ ದೊಡ್ಡ ಹಕ್ಕಿಯು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದದ್ದನ್ನು ಹೇಳುವಾಗ ಅವರ ದನಿ ಕುಗ್ಗುತ್ತಿತ್ತು.

ಅವರು ಮಾಡುತ್ತಿದ್ದುದು ಇಷ್ಟು. ಗೂಡಿನಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ, ಎರಡು ಬದಿಗೆ ಒಂದೊಂದು ಕಲ್ಲನ್ನಿಟ್ಟು ಟ್ರ್ಯಾಕ್ಟರ್ ಚಾಲಕನಿಗೆ ತಾವೇ ನಿಂತು ತೋರಿಸುತ್ತಿದ್ದರು. ಗೂಡಿನ ಪಕ್ಕದಲ್ಲೇ ಬಟ್ಟೆ ಕಟ್ಟಿದ ಕೋಲು ನೆಟ್ಟರೆ ಕಾಗೆಗೂ ನಾಯಿಗೂ ನಾವೇ ದಾರಿ ಹೇಳಿದಂತಾಗುತ್ತದೆ. ಆ ತುಂಡು ನೆಲವನ್ನು ಬಿಟ್ಟು ಉಳಿದ ಹೊಲವನ್ನು ಧಾರಾಳವಾಗಿ ಬಿತ್ತಿರಿ, ಹದ ತಪ್ಪುವುದಿಲ್ಲ. ಮರಿಗಳು ಹೋದ ಮೇಲೆ ಅಲ್ಲಿ ಕೈಯಿಂದ ಕಾಳು ಊರಬಹುದು. ಆದರೆ ಗೂಡಿನ ಹತ್ತಿರದ ಕೆಲಸವನ್ನು ಮುಂಜಾನೆಯ ತಂಪಿನಲ್ಲಿ ಬೇಗ ಮುಗಿಸಿ. ಮಧ್ಯಾಹ್ನದಲ್ಲಿ ತಾಯಿಯನ್ನು ಎಬ್ಬಿಸಿದರೆ ಬಿಸಿಲಿಗೆ ಮೊಟ್ಟೆಯೊಳಗಿನ ಜೀವ ಉಳಿಯದು.

ಒಮ್ಮೆ ಅವರು ನನ್ನನ್ನು ಬೇವಿನ ಮರದ ಕೆಳಗೆ ಎರಡು ತಾಸು ಅಲುಗಾಡದಂತೆ ಕೂರಿಸಿದ್ದರು. ಹಕ್ಕಿ ಕಾಲುವೆಗೆ ಹೋಗಿ ಹೊಟ್ಟೆಯ ಗರಿಗಳನ್ನು ತೊಯ್ಸಿಕೊಂಡು ಬಂತು, ಮೊಟ್ಟೆಗಳ ಮೇಲೆ ಮೆಲ್ಲನೆ ಕುಳಿತು, ಆ ತೇವದಿಂದಲೇ ಅವನ್ನು ತಣಿಸಿತು. ಮಾಸ್ತರರು ದುರ್ಬೀನನ್ನು ನನ್ನ ಕೈಗೆ ಕೊಟ್ಟರು, ಒಂದು ಮಾತನ್ನೂ ಆಡಲಿಲ್ಲ.

ಕಾವಿಗೆ ಸುಮಾರು 28 ದಿನ ಬೇಕು. ಹುಟ್ಟಿದ ಮರಿಗಳು ಒಂದೆರಡು ದಿನದಲ್ಲೇ ಗೂಡು ಬಿಟ್ಟು ತಾಯಿಯ ಹಿಂದೆ ಓಡುತ್ತವೆ, ಅಪಾಯದ ಕೂಗು ಕೇಳಿದರೆ ಮಣ್ಣಿಗೆ ಅಂಟಿ ಕೂರುತ್ತವೆ. ಆ ವಾರ ಎಡೆ ಹೊಡೆಯುವುದಿದ್ದರೆ ಸಾಲುಗಳಲ್ಲಿ ಒಮ್ಮೆ ನಡೆದು ನೋಡಿ.

ಮೊಟ್ಟೆ ಮೊದಲು ಕಂಡ ದಿನವನ್ನೂ ಹೊಲದ ದಿಕ್ಕನ್ನೂ ನನಗೆ ತಿಳಿಸಿ. ಮಾಸ್ತರರು ಪ್ರತಿ ಗೂಡನ್ನೂ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನು ಅವರ ಮನೆಯವರು ನನಗೆ ಕೊಟ್ಟಿದ್ದಾರೆ. ಈ ವರ್ಷದ ಪುಟ ಇನ್ನೂ ಖಾಲಿ ಇದೆ.